ಅಪ್‌ಡೇಟ್: ಅಬಲೋನ್ ಮರಿಗಳು ಕೊನೆಗೂ ಉಳಿದವು

ಹಳೆ ಪ್ರಶ್ನೆ ಇದು: ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್‌ನಲ್ಲಿ ನಾನು ಕೆಲಸ ಮಾಡುವ ಹ್ಯಾಚರಿಯಲ್ಲಿ ಗ್ರೀನ್‌ಲಿಪ್ ಅಬಲೋನ್ (ಒಂದು ಬಗೆಯ ಸಮುದ್ರ ಬಸವನಹುಳು) ಲಾರ್ವಾಗಳು, ಅಂದರೆ ಈಜಾಡುವ ಎಳೆ ಮರಿಗಳು, ಪಾಚಿ ಬೆಳೆಸಿದ ಪ್ಲೇಟಿಗೆ ಚೆನ್ನಾಗಿಯೇ ಅಂಟುತ್ತವೆ, ಆದರೆ ಮೂರನೇ ವಾರಕ್ಕೆ ಸಾಯಲು ಶುರು, ಯಾಕೆ?

ಇಪ್ಪತ್ತು ದಿನ ಆಯಿತು. ಈಗ ಸಾವು ಬಹುತೇಕ ನಿಂತಿದೆ.

ಗಾಬಾ (GABA) ಎಂಬ ರಾಸಾಯನಿಕ ಹಾಕಿ ಎಂದವರಿಗೆ ಥ್ಯಾಂಕ್ಸ್, ಆದರೆ ಅದು ಲಾರ್ವಾ ತಳ ಸೇರಲು, ಅಂದರೆ ಈಜು ಬಿಟ್ಟು ಪ್ಲೇಟಿಗೆ ಅಂಟಲು. ನನ್ನವು ಆಗಲೇ ಸೇರಿದ್ದವು, ಅಲ್ವಾ? ಗೊಬ್ಬರ ಜಾಸ್ತಿ ಮಾಡಿದ್ದಂತೂ ಎಡವಟ್ಟಾಯಿತು. ಪ್ಲೇಟಿನ ಮೇಲೆ ಕಂದು ಪಾಚಿ ಕೂದಲಿನ ಹಾಗೆ ಬೆಳೆದು, ಮಧ್ಯಾಹ್ನದ ಬಿಸಿಲಿಗೆ ಗುಳ್ಳೆ ತುಂಬಿಕೊಂಡು, ಚಾಪೆ ಎದ್ದ ಹಾಗೆ ಎದ್ದುಬಂತು. ಜೊತೆಗೆ ಮರಿಗಳೂ ಹೋದವು.

ಕೆಲಸ ಮಾಡಿದ್ದು "ಊಟ ಬದಲಾಯಿಸಿ" ಎಂಬ ಸಲಹೆ. ನಮ್ಮ ಪ್ಲೇಟಿನಲ್ಲಿ ಇದ್ದದ್ದು ಬರೀ ಅಲ್ವೆಲ್ಲಾ ಎಂಬ ಹಸಿರು ಪಾಚಿ. ಲಾರ್ವಾ ಕೂರಲು ಅದು ಸೊಗಸು, ಆದರೆ ಗಟ್ಟಿಯಾಗಿ ಅಂಟಿರುತ್ತದೆ, ಪುಟ್ಟ ಮರಿಗೆ ಕೆರೆದು ತಿನ್ನಲು ಕಷ್ಟ. ವಾರಕ್ಕೆ ಎರಡು ಸಲ ನ್ಯಾವಿಕುಲಾ ಎಂಬ ಡಯಾಟಮ್ (ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ) ಬಿಟ್ಟೆವು, ಮೇಲೆ ನೆರಳು ಬಲೆ ಕಟ್ಟಿದೆವು. ನಾಲ್ಕೇ ದಿನಕ್ಕೆ ಪ್ಲೇಟಿನಲ್ಲಿ ಮೇದ ಸಣ್ಣ ದಾರಿಗಳು ಕಂಡವು!

ಗೊತ್ತಿಲ್ಲದ ಒಂದು ವಿಷಯವೂ ತಿಳಿಯಿತು. ಲಾರ್ವಾಗಳು ಈಜುವಾಗ ಪಾಚಿ ತಿನ್ನುವುದಿಲ್ಲ, ಮೊಟ್ಟೆಯಿಂದ ಹೊಟ್ಟೆಯಲ್ಲಿ ಉಳಿದ ಹಳದಿಯಲ್ಲೇ ಬದುಕುತ್ತವೆ. ತಳ ಸೇರಿದ ಮೇಲೂ ಮೊದಮೊದಲು ಡಯಾಟಮ್ ಸುತ್ತಲಿನ ಲೋಳೆಯೇ ಮುಖ್ಯ ಊಟ. ಚಿಪ್ಪು ಸುಮಾರು 0.8 ಮಿ.ಮೀ. ಆದಮೇಲೆ ಡಯಾಟಮ್‌ನ ಗಾಜಿನಂಥ ಕವಚ ಒಡೆದು ಒಳಗಿನದ್ದು ಅರಗಿಸಿಕೊಳ್ಳುತ್ತವೆ. ನಮ್ಮ ಮರಿಗಳು ಸಾಯುತ್ತಿದ್ದದ್ದು ಹೆಚ್ಚುಕಮ್ಮಿ ಆ ಹಂತದಲ್ಲೇ.

ಮುಂದಿನ ಬ್ಯಾಚಿಗೆ ಲಾರ್ವಾ ಅರ್ಧಕ್ಕೆ ಇಳಿಸುತ್ತೇನೆ. ದುರಾಸೆಯಿಂದ ಜಾಸ್ತಿ ಸುರಿದಿದ್ದೆ, ಒಪ್ಪಿಕೊಳ್ಳುತ್ತೇನೆ.