ಹಳೆ ಕಾರಿನ ರೇಡಿಯೊಗೆ ರಿಪೇರಿಯೋ, ದುರಸ್ತಿಯೋ, ಜೀರ್ಣೋದ್ಧಾರವೋ?

ಹಳೆ ಕಾರುಗಳಲ್ಲಿ ಕಂಪನಿಯಿಂದಲೇ ಬಂದಿದ್ದ ವಾಲ್ವ್ ರೇಡಿಯೊಗಳನ್ನು (ಟ್ರಾನ್ಸಿಸ್ಟರಿಗೂ ಮುಂಚಿನ, ಗಾಜಿನ ಬುರುಡೆಯಂಥ ವಾಲ್ವುಗಳಿಂದ ನಡೆಯುವಂಥವು) ಪರೀಕ್ಷಿಸಿ ಮತ್ತೆ ಮಾತಾಡಿಸುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ರಿಸ್ಟೋರ್' ಅನ್ನೋ ಪದದ ಹತ್ತಿರ ಬಂದು ಪೆನ್ನು ನಿಂತುಬಿಟ್ಟಿದೆ.

ರಿಪೇರಿ ಅಂದರೆ ಸಾಲದು. ಆ ರೇಡಿಯೊಗಳಲ್ಲಿ ವೈಬ್ರೇಟರ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ. ಬ್ಯಾಟರಿಯ 6 ವೋಲ್ಟನ್ನು ಅದು ಸೆಕೆಂಡಿಗೆ 100ಕ್ಕೂ ಜಾಸ್ತಿ ಸಲ ಕಡಿದು ಕೂಡಿಸುತ್ತದೆ, ಆಮೇಲೆ ಟ್ರಾನ್ಸ್‌ಫಾರ್ಮರ್ ಅದನ್ನು ವಾಲ್ವುಗಳಿಗೆ ಬೇಕಾದ 200 ವೋಲ್ಟಿನ ಆಚೆಗೆ ಏರಿಸುತ್ತದೆ. ಸ್ವಿಚ್ ಹಾಕಿದ ತಕ್ಷಣ ಡಬ್ಬಿಯೊಳಗಿಂದ ಸಣ್ಣಗೆ ಜುಂಯ್ ಅನ್ನುತ್ತದಲ್ಲ, ಅದೇ ಇದು. ಈ ಡಬ್ಬಿ ಕಿತ್ತು ಟ್ರಾನ್ಸಿಸ್ಟರಿನದ್ದು ಕೂರಿಸಿದರೆ ರೇಡಿಯೊ ಹಾಡುತ್ತದೆ, ರಿಪೇರಿ ಆಯ್ತು. ಆದರೆ ಜುಂಯ್ ಹೋಯ್ತು.

(ಈ ಜುಂಯ್ ಬೇರೆ, ಸ್ಪೀಕರಿನಿಂದ ಬರುವ ಗುಂಯ್ ಬೇರೆ. ಗುಂಯ್ ಅಂದರೆ ಫಿಲ್ಟರ್ ಕಪಾಸಿಟರ್, ಅಂದರೆ ಕರೆಂಟಿನ ಏರಿಳಿತವನ್ನು ಸಮ ಮಾಡುವ ಬಿಡಿಭಾಗ, ಒಣಗಿರಬಹುದು. ಕನ್ನಡದಲ್ಲಿ ಇವೆರಡನ್ನು ಒಂದೇ ಅಕ್ಷರದಲ್ಲಿ ಬೇರೆ ಮಾಡಬಹುದು ಅನ್ನೋದೇ ನನಗೆ ಖುಷಿ.)

ದುರಸ್ತಿ? ಪಾರಸಿಯ 'ದುರುಸ್ತ್'ನಿಂದ ಬಂದದ್ದು, ಸರಿ ಅಂತ ಅರ್ಥ. ಸರಿಯಾಯ್ತು ಅನ್ನುತ್ತದೆ, ಮೊದಲಿನಂತಾಯ್ತು ಅನ್ನುವುದಿಲ್ಲ. ಜೀರ್ಣೋದ್ಧಾರ ಅರ್ಥಕ್ಕೆ ಹತ್ತಿರ ಇದೆ, ಆದರೆ ಕೇಳಿದ ಕೂಡಲೇ ಕಣ್ಣ ಮುಂದೆ ಗುಡಿಯ ಗೋಪುರ ಬರುತ್ತದೆ, ಅಲ್ವಾ?

'ಒರಿಜಿನಲ್'ಗೆ ಮೂಲ ಅನ್ನಲೋ, ಅಸಲಿ ಅನ್ನಲೋ? ಎರಡಕ್ಕೂ ಬೇರು ಅನ್ನೋದೇ ಹುಟ್ಟರ್ಥ, ಒಂದು ಸಂಸ್ಕೃತದ್ದು, ಇನ್ನೊಂದು ಅರಬ್ಬಿಯದ್ದು. ಬಳಕೆಯಲ್ಲಿ ಮಾತ್ರ ದಾರಿ ಬೇರೆಯಾಗಿದೆ. ಅಸಲಿ ಅಂದರೆ ನಕಲಿ ಅಲ್ಲ ಅಂತ. ಕಾರಿನ ಜೊತೆಗೇ ಬಂದದ್ದು ಅನ್ನಲು ಮೂಲ ರೇಡಿಯೊ ಅನ್ನೋದೇ ನನಗೆ ಸರಿ ಕಾಣುತ್ತದೆ. ಯಾಕಂದರೆ ಬೇರೆ ಕಾರಿನಿಂದ ತಂದು ಹಾಕಿದ್ದೂ ಅಸಲಿಯೇ ಆಗಿರಬಹುದು.

ನಿಜವಾಗಿ ತೊಡಕಾಗಿರೋದು ಇನ್ನೊಂದು ಕೆಲಸದ ಹೆಸರು. ಮೇಣ ಹಚ್ಚಿದ ಕಾಗದದ ಹಳೆ ಕಪಾಸಿಟರುಗಳಲ್ಲಿ ಕರೆಂಟ್ ಸೋರುತ್ತದೆ, ಅವನ್ನು ಬದಲಿಸದೆ ಕರೆಂಟ್ ಕೊಡಬಾರದು. ಅದರಲ್ಲೂ ವೋಲ್ಟೇಜು ಹಠಾತ್ತಾಗಿ ಜಿಗಿಯದಂತೆ ಟ್ರಾನ್ಸ್‌ಫಾರ್ಮರಿಗೆ ಅಡ್ಡ ಕೂತಿರುವ ಬಫರ್ ಕಪಾಸಿಟರ್ ಶಾರ್ಟ್ ಆಗಿದ್ದರೆ ವೈಬ್ರೇಟರಿನ ಕಾಂಟ್ಯಾಕ್ಟುಗಳೇ ಸುಟ್ಟುಹೋಗುತ್ತವೆ. ಅಕ್ಕರೆಯಿಂದ ಮಾಡುವವರು ಹಳೆಯದನ್ನು ಎಸೆಯುವುದಿಲ್ಲ. ಹದವಾಗಿ ಬಿಸಿ ಮಾಡಿ, ಮೇಣ ಮೆತ್ತಗಾದಾಗ ಒಳಗಿನ ಸುರುಳಿಯನ್ನು ಎಳೆದು ತೆಗೆದು, ಅದೇ ಚಿಪ್ಪಿನೊಳಗೆ ಹೊಸ ಚಿಕ್ಕ ಕಪಾಸಿಟರ್ ಇಟ್ಟು, ಎರಡೂ ತುದಿಗೆ ಮತ್ತೆ ಮೇಣ ಸುರಿಯುತ್ತಾರೆ. ಹೊರಗಿನ ಅಚ್ಚು, ಬಣ್ಣ ಎಲ್ಲಾ ಹಾಗೇ ಇರುತ್ತದೆ.

ಇದಕ್ಕೆ ನಾನು 'ಹುದುಗಿಸು' ಅಂತ ಬರೆದಿದ್ದೇನೆ. ಕಪಾಸಿಟರ್ ಹುದುಗಿಸಿದೆ, ಹುದುಗಿಸಿದ ಕಪಾಸಿಟರ್. ಬಚ್ಚಿಟ್ಟು ಮೋಸ ಮಾಡಿದ ಹಾಗೆ ಕೇಳಿಸುತ್ತದಾ? ಕೈಯಲ್ಲಿ ಈ ಕೆಲಸ ಮಾಡುವವರು ಬೇರೆ ಏನಾದರೂ ಅನ್ನುತ್ತಿದ್ದರೆ ಹೇಳಿ, ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ. 'ರಿಸ್ಟೋರ್'ಗೆ ಸದ್ಯಕ್ಕೆ 'ಮೊದಲಿನಂತೆ ಮಾಡುವುದು' ಅಂತಲೇ ಬರೆದುಕೊಂಡು ಹೋಗುತ್ತಿದ್ದೇನೆ. ಉದ್ದ ಆಯ್ತು, ಗೊತ್ತು.