ಏರ್ ಪಿಸ್ತೂಲ್: ಒಂದೊಂದು ಹೊಡೆತ ಎಡಕ್ಕೆ ಕೆಳಗೆ ಹೋಗುತ್ತಿದೆ, ಯಾವ ಡ್ರಿಲ್ ಮಾಡಲಿ?

ಹತ್ತುಮೀಟರ್:
ಬಲಗೈಯಲ್ಲಿ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತೇನೆ. ಹೆಚ್ಚಿನವು 9, 10 ಅಂಕದ ವೃತ್ತಕ್ಕೆ ಬೀಳುತ್ತವೆ, ಆದರೆ ನಡುನಡುವೆ ಒಂದು 7 ಬಂದುಬಿಡುತ್ತದೆ, ಅದೂ ಯಾವಾಗಲೂ ಎಡಕ್ಕೆ, ಕೆಳಗೆ. ಸುಮ್ನೆ ಪೆಲೆಟ್ ಖಾಲಿ ಮಾಡುವ ಬದಲು ಮನೆಯಲ್ಲೇ ಮಾಡುವಂಥ ಅಭ್ಯಾಸ ಇದ್ದರೆ ಹೇಳಿ.

ಖಾಲಿಗೋಡೆ:
ಬಲಗೈಯವರಿಗೆ ಎಡಕ್ಕೆ ಕೆಳಗೆ ಹೋಗುತ್ತಿದೆ ಅಂದರೆ ಮೊದಲ ಅನುಮಾನ ಟ್ರಿಗರ್ ಮೇಲೆ. ಹತ್ತು ಕಂಡ ಕೂಡಲೇ ಬೆರಳು ಜಗ್ಗಿಬಿಡುತ್ತದೆ, ಜೊತೆಗೆ ಮಣಿಕಟ್ಟೂ ಬಾಗುತ್ತದೆ. ಲೆಕ್ಕ ನೋಡಿ: ಪಿಸ್ತೂಲಿನ ಹಿಂದೆ, ಮುಂದೆ ಇರುವ ಎರಡು ಸೈಟ್‌ಗಳ (ಗುರಿ ಹಿಡಿಯಲು ಸಾಲಾಗಿ ನೋಡುವ ಗುರುತುಗಳ) ನಡುವೆ 35 ಸೆಂ.ಮೀ. ಅಂತರ ಇದ್ದರೆ, ಫ್ರಂಟ್ ಸೈಟ್ ತನ್ನ ಸಾಲಿನಿಂದ ಬರೀ 1 ಮಿ.ಮೀ. ತಪ್ಪಿದರೂ ಗುರಿಯಲ್ಲಿ ಸುಮಾರು 28 ಮಿ.ಮೀ. ಆಚೆ ಬೀಳುತ್ತದೆ. ಅದು ನಿಮ್ಮ 7! ಅದೇ ಸೈಟ್ ಸಾಲಾಗಿದ್ದು ಇಡೀ ಕೈ 1 ಸೆಂ.ಮೀ. ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ, 9 ಸಿಗುತ್ತದೆ. ಹಾಗಾಗಿ ಕೈ ಅಲುಗಾಡುವುದಕ್ಕೆ ಹೆದರಬೇಡಿ.

ಗುರಿಯನ್ನೇ ತೆಗೆದುಬಿಡಿ. ಪಿಸ್ತೂಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಖಾಲಿ ಬಿಳಿ ಗೋಡೆಯ ಕಡೆ ಹಿಡಿದು ಡ್ರೈ ಫೈರ್ ಮಾಡಿ, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಮಾತ್ರ ಒತ್ತಿ. ಕಣ್ಣು ಫ್ರಂಟ್ ಸೈಟ್ ಮೇಲೇ ಇರಲಿ. ಟ್ರಿಗರ್ ಬಿದ್ದ ಕ್ಷಣ ಸೈಟ್ ಮಿಸುಕಿತಾ, ಯಾವ ಕಡೆಗೆ, ಅದನ್ನು ಮಾತ್ರ ಗಮನಿಸಿ. ಬಿದ್ದ ಮೇಲೂ ಒಂದೆರಡು ಸೆಕೆಂಡ್ ಹಾಗೇ ಹಿಡಿದಿರಿ. ದಿನಾ ಹದಿನೈದು ನಿಮಿಷ ಸಾಕು, ಮನಸ್ಸು ಬೇರೆಲ್ಲೋ ಇದ್ದರೆ ಒಂದು ಗಂಟೆ ಮಾಡಿದರೂ ಉಪಯೋಗ ಇಲ್ಲ.

ನಿಧಾನಿ:
ಒಪ್ಪುತ್ತೇನೆ, ಆದರೆ ಗ್ರಿಪ್ಪೂ ನೋಡಿಕೊಳ್ಳಿ. ಕಣ್ಣು ಮುಚ್ಚಿ ಕೈ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಸೈಟ್ ತಾನಾಗೇ ಸಾಲಾಗಿ ಕಾಣಬೇಕು. ಪ್ರತಿ ಸಲ ಮಣಿಕಟ್ಟು ತಿರುಗಿಸಿ ಸರಿಮಾಡಬೇಕಾದರೆ ಹಿಡಿತವೇ ಸರಿಯಿಲ್ಲ. ಇಡೀ ಗುರಿಯೇ ಪಕ್ಕಕ್ಕೆ ಕಂಡರೆ ಕೈ ಎಳೆಯಬೇಡಿ, ಪಾದ ಸರಿಸಿ.

ಹತ್ತುಮೀಟರ್:
ಗೋಡೆಯ ಮೇಲೆ ಮಾಡಿ ನೋಡಿದೆ, ಸೈಟ್ ಮಿಸುಕುವುದೇ ಇಲ್ಲ. ಕಪ್ಪು ವೃತ್ತ ಎದುರಿಗೆ ಬಂದರೆ ಮಾತ್ರ ಜಗ್ಗುತ್ತೇನೆ. ಈಗೇನು ಮಾಡಲಿ?

ಖಾಲಿಗೋಡೆ:
ಹಾಗಾದರೆ ಕಾರಣ ಸಿಕ್ಕಿತು ಅಲ್ವಾ. ಐದು ಸಲ ಗೋಡೆಗೆ, ಐದು ಸಲ ಗುರಿಗೆ, ಹೀಗೆ ಬದಲಾಯಿಸುತ್ತಾ ಡ್ರೈ ಫೈರ್ ಮಾಡಿ. ಎರಡೂ ಕಡೆ ಬೆರಳು ಒಂದೇ ಥರ ನಡೆಯುವವರೆಗೆ ಪೆಲೆಟ್ ಹಾಕಬೇಡಿ.

ನಿಧಾನಿ:
ಇನ್ನೊಂದು, ಇದನ್ನು ಜಾಸ್ತಿ ಜನ ಮಾಡುವುದೇ ಇಲ್ಲ: ಹೊಡೆಯದೆ ಕೈ ಇಳಿಸುವ ಅಭ್ಯಾಸ. ಗುರಿಗೆ ಬಂದು ಎಂಟು ಹತ್ತು ಸೆಕೆಂಡಾದರೂ ಟ್ರಿಗರ್ ಬೀಳದಿದ್ದರೆ ಇಳಿಸಿಬಿಡಿ, ಉಸಿರು ತಗೊಂಡು ಮತ್ತೆ ಎತ್ತಿ. ಪಂದ್ಯದಲ್ಲಿ 60 ಹೊಡೆತಕ್ಕೆ 75 ನಿಮಿಷ ಇರುತ್ತದೆ, ಅವಸರ ಬೇಕಾಗಿಲ್ಲ. ನಿಮ್ಮ 7ಗಳಲ್ಲಿ ಎಷ್ಟು ಹೀಗೆ ತಡಮಾಡಿ ಕಿತ್ತ ಹೊಡೆತ ಅಂತ ಬರೆದಿಟ್ಟು ನೋಡಿ, ಮುಂದಿನ ವಾರ ಇಲ್ಲೇ ಹಾಕಿ.