8 ಕೋಟಿ ಯೂರೋ ಕೀಪರ್ ಕೆಪಾ: ತಪ್ಪು ಅವನದಾ, ರೇಟಿನದಾ?

ರಾತ್ರಿಪಾಳಿ:
ಆಫೀಸಿನಲ್ಲಿ ಊಟದ ಹೊತ್ತಿಗೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ವಿಷಯ ಕೆಪಾ ಅರಿಸಬಲಾಗಾ. 2018ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಇವನನ್ನು ಕೊಳ್ಳೋಕೆ 8 ಕೋಟಿ ಯೂರೋ ಕೊಟ್ಟಿತು. ಒಬ್ಬ ಗೋಲ್‌ಕೀಪರ್‌ಗೆ ಅಷ್ಟು ದುಡ್ಡು ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ. 2025ರಲ್ಲಿ ಆರ್ಸೆನಲ್‌ಗೆ ಹೋದಾಗ ಬೆಲೆ 50 ಲಕ್ಷ ಪೌಂಡ್. ಫುಟ್‌ಬಾಲ್‌ನಲ್ಲಿ ಇಂಥ ದಂಡದ ಖರ್ಚು ಇನ್ನೊಂದಿಲ್ಲ ಅಂತಾನೆ ನನ್ನ ಗೆಳೆಯ. ನನಗೆ ಹಾಗೆ ಅನಿಸಲ್ಲ. ಆದರೆ ವಾದ ಮಾಡೋಕೆ ನನ್ನ ಹತ್ತಿರ ಸರಕಿಲ್ಲ, ನಾನು ಆಟ ನೋಡೋಕೆ ಶುರು ಮಾಡಿದ್ದೇ 2022ರ ವಿಶ್ವಕಪ್ ಆದಮೇಲೆ. ಮೊದಲಿಂದ ನೋಡಿದವರು ಹೇಳಿ, ಏನಾಯ್ತು ಇವನಿಗೆ?

ನೀಲಿಅಂಗಿ:
ಏನಾಗಬೇಕು? ದೂರದಿಂದ ಹೊಡೆದದ್ದೆಲ್ಲ ಒಳಗೆ ಹೋಗ್ತಿತ್ತು. 2019-20ರ ಸೀಸನ್ ನೋಡಿದ ಚೆಲ್ಸಿ ಅಭಿಮಾನಿಗಳನ್ನು ಕೇಳಿ. ಎದುರಿನವನು ಕಾಲೆತ್ತಿದರೆ ಸಾಕು, ನಾವು ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಕೊನೆಗೆ ಕೋಚ್ ಲ್ಯಾಂಪಾರ್ಡ್ ಬೇಸತ್ತು ಎಫ್.ಎ. ಕಪ್ ಫೈನಲ್‌ಗೆ 38 ವರ್ಷದ ಮೀಸಲು ಕೀಪರ್ ಕಬಾಯೆರೋನನ್ನು ನಿಲ್ಲಿಸಿದ. ಮುಂದಿನ ಸೀಸನ್ ಶುರುವಾಗುತ್ತಿದ್ದ ಹಾಗೇ, ಲಿವರ್‌ಪೂಲ್ ಮ್ಯಾಚಿನಲ್ಲಿ ಪಾಸ್ ಕೊಡೋಕೆ ಹೋಗಿ ಎದುರು ತಂಡದ ಮಾನೆ ಕಾಲಿಗೇ ಹೊಡೆದ. ಗೋಲು. ಅದೇ ವಾರ ಹೊಸ ಕೀಪರ್ ಮೆಂಡಿಯನ್ನು ತಂದರು. ಕಥೆ ಮುಗೀತು.

ಹಳೇಗ್ಲೌಸ್:
ಮೊದಲೇ ಹೇಳಿಬಿಡ್ತೀನಿ, ನಾನು ಕಾಲೇಜಿನಲ್ಲಿ ಮೂರು ವರ್ಷ ಕೀಪರ್ ಆಗಿದ್ದವನು. ಆಟ ಬರ್ತಿತ್ತು ಅಂತಲ್ಲ, ಉದ್ದ ಇದ್ದೀಯ ಅಂತ ನಿಲ್ಲಿಸಿದರು. ಒಂದು ಸೆಮಿಫೈನಲ್‌ನಲ್ಲಿ ಬಾಲ್ ನನ್ನ ಕಾಲಸಂದಿಯಲ್ಲಿ ಹೋಯಿತು. ಇಪ್ಪತ್ತು ವರ್ಷ ಆಯ್ತು, ವಾಟ್ಸಾಪ್ ಗ್ರೂಪಿನಲ್ಲಿ ಈಗಲೂ ಅದೇ ಮಾತು. ನಾನು ಹಿಡಿದ ಬಾಲ್ ಒಂದೂ ಯಾರಿಗೂ ನೆನಪಿಲ್ಲ. ಹಾಗಾಗಿ ನನ್ನ ಮಾತು ಸ್ವಲ್ಪ ಕೀಪರ್ ಪರವಾಗೇ ಇರುತ್ತೆ.

ನೀಲಿಅಂಗಿ ಹೇಳಿದ್ದು ಸುಳ್ಳಲ್ಲ. ಆ ಸೀಸನ್ ನಾನೂ ನೋಡಿದ್ದೇನೆ. ಅವನ ಪಾದ ಅರ್ಧ ಹೆಜ್ಜೆ ತಡವಾಗಿ ಏಳುತ್ತಿತ್ತು. ಆದರೆ ಆ 8 ಕೋಟಿ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ.

ಸ್ಪೇನ್‌ನಲ್ಲಿ ಆಟಗಾರರ ಕರಾರಿನಲ್ಲಿ ಬಿಡುಗಡೆ ಮೊತ್ತ ಅಂತ ಒಂದು ಬರೆದಿರುತ್ತಾರೆ. ಅಷ್ಟು ದುಡ್ಡು ಲೀಗ್ ಆಫೀಸಿನಲ್ಲಿ ಕಟ್ಟಿದರೆ ಆಟಗಾರ ಹೊರಡಬಹುದು, ಕ್ಲಬ್ ತಡೆಯೋ ಹಾಗಿಲ್ಲ. ಕೆಪಾ ಇದ್ದದ್ದು ಬಿಲ್ಬಾವೊದ ಅಥ್ಲೆಟಿಕ್ ಕ್ಲಬ್‌ನಲ್ಲಿ. ಮೊದಲು ಅವನ ಮೊತ್ತ ಇದ್ದದ್ದು ಬರೀ 2 ಕೋಟಿ. 2018ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋಗೋದು ಹೆಚ್ಚುಕಮ್ಮಿ ಖಾತ್ರಿಯಾಗಿತ್ತು. ಆದರೆ ಈಗ ಕೀಪರ್ ಬೇಡ ಅಂದುಬಿಟ್ಟ ಅಲ್ಲಿನ ಕೋಚ್ ಜಿದಾನ್. ಹುಡುಗ ಅಥ್ಲೆಟಿಕ್‌ನಲ್ಲೇ ಹೊಸ ಕರಾರಿಗೆ ಸಹಿ ಹಾಕಿದ. ಆಗ ಮೊತ್ತ 8 ಕೋಟಿಗೆ ಏರಿತು. ಅಂದ್ರೆ ಅದು ಅವನ ಬೆಲೆ ಅಲ್ಲ, ಬೇರೆಯವರು ಮುಟ್ಟಬಾರದು ಅಂತ ಹಾಕಿದ ಬೇಲಿ.

ಆಮೇಲೆ ಆಗಸ್ಟ್ ಬಂತು. ಚೆಲ್ಸಿಯ ಕೀಪರ್ ಕೋರ್ಟ್ವಾಗೆ ಮ್ಯಾಡ್ರಿಡ್‌ಗೇ ಹೋಗಬೇಕಿತ್ತು, ಪ್ರಾಕ್ಟೀಸಿಗೇ ಬರಲಿಲ್ಲ. ಇಂಗ್ಲೆಂಡಿನಲ್ಲಿ ಆ ವರ್ಷ ಖರೀದಿಗೆ ಕೊನೇ ದಿನ ಆಗಸ್ಟ್ 9. ನಾಳೆ ಮದುವೆ, ಇವತ್ತು ಅಡುಗೆಯವನು ಕೈಕೊಟ್ಟ ಅಂದ್ರೆ ಏನು ಮಾಡ್ತೀರಿ? ಸಿಕ್ಕವನಿಗೆ ಕೇಳಿದಷ್ಟು ಕೊಡ್ತೀರಿ. ಚೆಲ್ಸಿಯೂ ಅದನ್ನೇ ಮಾಡಿತು. 8ನೇ ತಾರೀಖು ಪೂರ್ತಿ ಮೊತ್ತ ಕಟ್ಟಿ, 23 ವರ್ಷದವನ ಜೊತೆ ಏಳು ವರ್ಷದ ಕರಾರು ಮಾಡಿಕೊಂಡಿತು. ಅದಕ್ಕೆ ಮೂರು ವಾರ ಮುಂಚೆ ಲಿವರ್‌ಪೂಲ್ ತನ್ನ ಕೀಪರ್ ಆಗಿ ಅಲಿಸನ್‌ನನ್ನು ತಂದಿತ್ತು, ಕೆಪಾಗಿಂತ ಕಮ್ಮಿ ದುಡ್ಡಿಗೆ. ಇನ್ನೇನು, ಪ್ರತಿ ವಾರ ಇಬ್ಬರನ್ನೂ ತಕ್ಕಡಿಗೆ ಹಾಕೋದು.

ಮೊದಲ ವರ್ಷ ಕೆಟ್ಟದಾಗೇನೂ ಆಡಲಿಲ್ಲ, ಇದನ್ನು ಜನ ಮರೆತಿದ್ದಾರೆ. ಯುರೋಪಾ ಲೀಗ್ ಸೆಮಿಫೈನಲ್ ಪೆನಾಲ್ಟಿಗೆ ಹೋದಾಗ ಫ್ರಾಂಕ್‌ಫರ್ಟ್‌ನವರ ಎರಡು ಹೊಡೆತ ತಡೆದ. ಚೆಲ್ಸಿ ಆ ಕಪ್ ಗೆದ್ದಿತು.

ರಾತ್ರಿಪಾಳಿ:
ತುಂಬಾ ಥ್ಯಾಂಕ್ಸ್ ಸರ್, ಬೇಲಿ ಮಾತು ಸಕತ್ತಾಗಿದೆ. ಆದರೆ ವೆಂಬ್ಲಿ ಸ್ಟೇಡಿಯಂನಲ್ಲಿ ಕೋಚ್ ಕರೆದರೂ ಹೊರಗೆ ಬರಲ್ಲ ಅಂದನಲ್ಲ? ಗೆಳೆಯ ಮತ್ತೆ ಮತ್ತೆ ಆ ವಿಡಿಯೊ ಕಳಿಸ್ತಿದ್ದಾನೆ.

ಹಳೇಗ್ಲೌಸ್:
ಅದು 2019ರ ಫೆಬ್ರುವರಿ 24, ಲೀಗ್ ಕಪ್ ಫೈನಲ್, ಮ್ಯಾಂಚೆಸ್ಟರ್ ಸಿಟಿ ಎದುರು. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಮನೆಯವರು ಎದ್ದಾರು ಅಂತ ಟೀವಿ ಸೌಂಡ್ ಇಲ್ಲದೆ ನೋಡ್ತಿದ್ದೆ. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು, ಇನ್ನೂ 0-0. ಕೆಪಾ ಕಾಲು ಹಿಡಿದುಕೊಂಡು ಕೂತ. ಕೋಚ್ ಸಾರಿ ಕಬಾಯೆರೋನನ್ನು ರೆಡಿ ಮಾಡಿದ. ಆಟಗಾರ ಬದಲಿಸೋ ಬೋರ್ಡೂ ಎದ್ದಿತು. ಇವನು ಬೆರಳಾಡಿಸಿ, ಬರಲ್ಲ ಅಂದ. ಸಾರಿ ಸಿಟ್ಟಿಗೆ ಡ್ರೆಸಿಂಗ್ ರೂಮಿನ ಸುರಂಗದ ಕಡೆ ಹೊರಟೇಹೋದ, ಆಮೇಲೆ ವಾಪಸ್ ಬಂದ. ಸೌಂಡ್ ಇಲ್ಲದೆಯೂ ಬೈಗುಳ ಕೇಳಿಸಿದ ಹಾಗಾಯ್ತು.

ತಪ್ಪು ಯಾರದು? ಕೆಪಾದು, ಅದರಲ್ಲಿ ಎರಡು ಮಾತಿಲ್ಲ. ಕಬಾಯೆರೋ ಮೂರು ವರ್ಷ ಸಿಟಿಯಲ್ಲೇ ಇದ್ದವನು. 2016ರಲ್ಲಿ ಇದೇ ವೆಂಬ್ಲಿಯಲ್ಲಿ, ಇದೇ ಕಪ್ಪಿನ ಫೈನಲ್‌ನಲ್ಲಿ ಲಿವರ್‌ಪೂಲ್‌ನ ಮೂರು ಪೆನಾಲ್ಟಿ ಹಿಡಿದಿದ್ದ. ಆ ದಿನ ಪೆನಾಲ್ಟಿಯಲ್ಲಿ ಕೆಪಾ ಸಿಟಿಯ ಸಾನೆಯದನ್ನು ತಡೆದ. ಆದರೆ ಅಗ್ವೆರೋ ಹೊಡೆದದ್ದು ಮೈ ಕೆಳಗೆ ನುಸುಳಿತು. ಸಿಟಿ 4-3ರಿಂದ ಗೆದ್ದಿತು. ಒಂದು ವಾರದ ಸಂಬಳ ದಂಡ, ಒಂದು ಮ್ಯಾಚ್ ಬೆಂಚು. ಆದರೂ ಒಬ್ಬ ಹಳೇ ಕೀಪರ್ ಆಗಿ ಹೇಳ್ತೀನಿ, ಪೆನಾಲ್ಟಿ ಎದುರಿಗಿರುವಾಗ ಹೊರಗೆ ಬಾ ಅಂದಿದ್ದರೆ ನಾನೂ ಬರ್ತಿರಲಿಲ್ಲವೇನೋ. ಉಳಿದ ದಿನ ನಮಗೆ ಬೈಗುಳ ಮಾತ್ರ, ಹೀರೊ ಆಗೋಕೆ ಇರೋದು ಅದೊಂದೇ ಹೊತ್ತು.

ತಮಾಷೆ ನೋಡಿ, ಆಮೇಲೆ ಅವನಿಗೆ ಕಬಾಯೆರೋನ ಕೆಲಸವೇ ಗಂಟುಬಿತ್ತು. 2021ರ ಯುರೋಪಿನ ಸೂಪರ್ ಕಪ್, ಬೆಲ್‌ಫಾಸ್ಟ್. ಆಗಿನ ಕೋಚ್ ಟುಖೆಲ್ ಕೊನೇ ನಿಮಿಷದಲ್ಲಿ ಮೆಂಡಿಯನ್ನು ಹೊರಗೆ ಕರೆದು ಇವನನ್ನು ಇಳಿಸಿದ. ವಿಯ್ಯಾರಿಯಲ್‌ನವರ ಎರಡು ಪೆನಾಲ್ಟಿ ಹಿಡಿದು ಗೆಲ್ಲಿಸಿದ. 2022ರ ಲೀಗ್ ಕಪ್ ಫೈನಲ್‌ನಲ್ಲಿ ಮತ್ತೆ ಅದೇ ಉಪಾಯ. ಲಿವರ್‌ಪೂಲ್‌ನವರು ಹನ್ನೊಂದಕ್ಕೆ ಹನ್ನೊಂದೂ ಹೊಡೆದರು. ಕೊನೆಗೆ ಕೀಪರ್‌ಗಳ ಸರದಿ. ಅವರ ಕೆಲೆಹರ್ ಗೋಲು ಹೊಡೆದ. ಕೆಪಾ ಹೊಡೆದದ್ದು ಬಾರ್ ಮೇಲಿಂದ ಗ್ಯಾಲರಿಗೆ ಹೋಯಿತು.

ನೀಲಿಅಂಗಿ:
ಅದನ್ನು ನೆನಪಿಸಬೇಡಿ ಮಾರಾಯ್ರೆ. ಸರಿ, ಒಂದು ಒಪ್ಕೋತೀನಿ: 2022ರ ಅಕ್ಟೋಬರ್‌ನಲ್ಲಿ ಆಸ್ಟನ್ ವಿಲ್ಲಾ ತಂಡದ ಮೈದಾನ ವಿಲ್ಲಾ ಪಾರ್ಕ್‌ನಲ್ಲಿ ಅವನು ಹಿಡಿದ ಹಾಗೆ ಆ ವರ್ಷ ನಮ್ಮವರು ಇನ್ಯಾರೂ ಹಿಡಿಯಲಿಲ್ಲ. 2-0 ಗೆದ್ದೆವು, ಗೋಲು ಎರಡೂ ಮೌಂಟ್‌ದು, ಮ್ಯಾಚ್ ಮಾತ್ರ ಕೆಪಾದು.

ಹಳೇಗ್ಲೌಸ್:
ಅದೇ ನಾನು ಹೇಳೋದು. ಮುಂದಿನ ವರ್ಷ ಕೋರ್ಟ್ವಾ ಮಂಡಿ ಪೆಟ್ಟು ಮಾಡಿಕೊಂಡಾಗ ಮ್ಯಾಡ್ರಿಡ್ ಇವನನ್ನೇ ಸಾಲಕ್ಕೆ, ಅಂದ್ರೆ ಕೆಲಕಾಲ ಎರವಲಾಗಿ, ಕರೆಸಿಕೊಂಡಿತು. ಐದು ವರ್ಷ ತಡವಾಗಿ ಹೋದ, ಅಲ್ಲೂ ಇವನ ಜಾಗವನ್ನು ಲುನಿನ್ ಅನ್ನೋ ಇನ್ನೊಬ್ಬ ಕೀಪರ್ ಹಿಡಿದ.

ರಾತ್ರಿಪಾಳಿ, ನಿಮ್ಮ ಗೆಳೆಯನಿಗೆ ಒಂದು ಪ್ರಶ್ನೆ ಕೇಳಿ. ಕೆಪಾ ಹೋದಮೇಲೆ ಅಥ್ಲೆಟಿಕ್ ಯಾರನ್ನು ನಿಲ್ಲಿಸಿತು, ಎಷ್ಟು ಕೊಟ್ಟು? ಆಗತಾನೇ ಎಲ್ಚೆ ಕ್ಲಬ್‌ಗೆ ಸಾಲಕ್ಕೆ ಕಳಿಸಿದ್ದ ತಮ್ಮ ಅಕಾಡೆಮಿ ಹುಡುಗನನ್ನೇ ವಾಪಸ್ ಕರೆಸಿದರು. ಹೆಸರು ಉನಾಯ್ ಸಿಮೊನ್. 2024ರ ಯೂರೋ ಕಪ್ ಗೆದ್ದ ಸ್ಪೇನ್‌ನ ಕೀಪರ್.

ರಾತ್ರಿಪಾಳಿ:
ನಾಳೆ ಊಟದ ಹೊತ್ತಿಗೆ ಕೇಳ್ತೀನಿ. ಸೋತವನು ಕಾಫಿ ಕೊಡಿಸಬೇಕು ಅಂತ ಮಾತಾಗಿದೆ.